ಕುರಿಗೆ ಕೃತಕ ಗರ್ಭಧಾರಣೆ: ಹಸುವಿಗೆ ಹಾಕೋ ಹಾಗೆ ಸ್ಟ್ರಾ ಹಾಕಿಸಿದರೆ ಗಬ್ಬ ನಿಲ್ಲುತ್ತದಾ?

ಕಡೂರು ರೊಪ್ಪ

ಎಲ್ಲರಿಗೂ ನಮಸ್ಕಾರ. ಕಡೂರು ತಾಲ್ಲೂಕು, ಬಯಲು ಕಡೆ. ಹೆಣ್ಣು ಕುರಿ 60 ಇವೆ. 40 ನಾಟಿ ಹಾಸನ ತಳಿ, 20 ಬನ್ನೂರು ಬೆರಕೆ. ಇವುಗಳಲ್ಲಿ 12 ಇನ್ನೂ ಒಂದು ಸೂಲೂ ಆಗದ ಎರಡು ಹಲ್ಲಿನವು. ಟಗರು ಎರಡು, ಎರಡೂ ಇದೇ ಮಂದೆಯಲ್ಲಿ ಹುಟ್ಟಿದವು, ಹಾಗಾಗಿ ರಕ್ತ ಬದಲಾಗಲೇಬೇಕು. 25 ಕಿ.ಮೀ. ದೂರದಲ್ಲಿ, ಅರಸೀಕೆರೆ ಕಡೆ ಒಂದು ಫಾರಂನಲ್ಲಿ ಒಳ್ಳೆಯ ಬನ್ನೂರು ಟಗರು ಇದೆ. ಮಾಲೀಕರು ಟಗರನ್ನು ಹೊರಗೆ ಕಳಿಸಲ್ಲ, ವೀರ್ಯ ಬೇಕಾದರೆ ತಗೊಂಡು ಹೋಗಿ ಅಂತಾರೆ.

ಹಸುಗಳಿಗೆ ಇಂಜೆಕ್ಷನ್ ಹಾಕೋರು ಹೇಳೋದು, ಕುರಿಗೂ ಘನೀಕೃತ ಸ್ಟ್ರಾ (ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ ಸಣ್ಣ ಕೊಳವೆ) ಸಿಗುತ್ತೆ, ಹಸುವಿಗೆ ವೀರ್ಯ ಬಿಡೋ ಅದೇ ಗನ್ನಿನಲ್ಲಿ ಹಾಕಬಹುದು ಅಂತ. ನಿಜವಾ? ಜೂನ್‌ನಲ್ಲಿ ಯೋನಿಯೊಳಗೆ ಹಾರ್ಮೋನ್ ಸ್ಪಾಂಜ್ ಇಟ್ಟು ಎಲ್ಲವನ್ನೂ ಒಟ್ಟಿಗೆ ಬೆದೆಗೆ ತಂದರೆ ನವೆಂಬರ್‌ನಲ್ಲಿ ಮರಿಗಳೆಲ್ಲ ಒಂದೇ ವಾರದಲ್ಲಿ ಹುಟ್ಟುತ್ತವೆ, ಒಂದೇ ಅಳತೆಯಲ್ಲಿ ಬೆಳೆಯುತ್ತವೆ, ಒಟ್ಟಿಗೆ ಮಾರಬಹುದು ಅನ್ನೋದು ಲೆಕ್ಕ. ಸ್ಪಾಂಜ್ ಎಷ್ಟು ದಿನ ಇಡಬೇಕು, ಜೊತೆಗೆ ಯಾವ ಸೂಜಿ, ಎಷ್ಟು ಹೊತ್ತಿಗೆ ವೀರ್ಯ ಹಾಕಬೇಕು? ತಿಳಿದವರು ದಿನ, ಗಂಟೆ, ಅಳತೆ ಸಮೇತ ಹೇಳಿದರೆ ಉಪಕಾರ.

ಹಾಸನ ಪಶುವೈದ್ಯ

ಸ್ಟ್ರಾ ವಿಚಾರ ಮೊದಲು ಮುಗಿಸೋಣ. ಘನೀಕೃತ ಸ್ಟ್ರಾವನ್ನು ಹಸುವಿನ ಗನ್ನಿನಲ್ಲಿ ಕುರಿಗೆ ಹಾಕಿಸಬೇಡಿ. ದುಡ್ಡೂ ಹೋಗುತ್ತದೆ, ಒಂದು ಬೆದೆಯೂ ಹೋಗುತ್ತದೆ.

ಹಸುವಿನಲ್ಲಿ ಗುದದ್ವಾರದಿಂದ ಕೈ ಹಾಕಿ ಗರ್ಭಕಂಠವನ್ನು ಹಿಡಿದು, ಗನ್ನಿನ ತುದಿಯನ್ನು ಅದರೊಳಗಿಂದ ಗರ್ಭಕೋಶದ ಬಾಯಿವರೆಗೆ ದಾಟಿಸುತ್ತಾರೆ. ಕುರಿಯಲ್ಲಿ ಕೈ ಹೋಗುವುದಿಲ್ಲ. ಅದರ ಗರ್ಭಕಂಠ 5ರಿಂದ 7 ಸೆಂ.ಮೀ. ಉದ್ದ, ಒಳಗೆ ನಾಲ್ಕರಿಂದ ಏಳು ಗಟ್ಟಿ ಮಡಿಕೆಗಳು, ಅವುಗಳ ತೂತುಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ. ಮೊದಲ ಮಡಿಕೆ ದಾಟಿದ ನಳಿಕೆ ಎರಡನೆಯದರ ಗೋಡೆಗೆ ಹೋಗಿ ಬಡಿಯುತ್ತದೆ. ಬಲ ಹಾಕಿದರೆ ಗಾಯ, ರಕ್ತ. ರಕ್ತ ಬಂದ ಕುರಿಯಲ್ಲಿ ಗಬ್ಬ ನಿಲ್ಲುವ ಆಸೆ ಬಿಡಿ. ಹಾಗಾಗಿ ವೀರ್ಯ ಬೀಳುವುದು ಗರ್ಭಕಂಠದ ಬಾಗಿಲಲ್ಲೇ. ಅಲ್ಲಿಂದ ಮೇಲೆ ಹತ್ತುವ ಕೆಲಸ ವೀರ್ಯಾಣುಗಳದ್ದು. ಆಗ ತಾನೆ ತೆಗೆದ ವೀರ್ಯಕ್ಕೆ ಆ ಶಕ್ತಿ ಇದೆ, ಗರ್ಭಕಂಠದ ಮಡಿಕೆಗಳಲ್ಲಿ ತಂಗಿ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತವೆ. ಘನೀಕರಿಸಿ ಕರಗಿಸಿದ ವೀರ್ಯದಲ್ಲಿ ಅರ್ಧದಷ್ಟು ಆಗಲೇ ಸತ್ತಿರುತ್ತವೆ, ಬದುಕಿದವುಗಳ ಆಯಸ್ಸೂ ಕಮ್ಮಿ. ಬಾಗಿಲಲ್ಲೇ ಸಾಯುತ್ತವೆ. ನೂರು ಕುರಿಗೆ ಹಾಕಿದರೆ 10ರಿಂದ 30 ನಿಂತರೆ ಹೆಚ್ಚು.

ಘನೀಕೃತ ವೀರ್ಯವೇ ಬೇಕೆಂದರೆ ಲ್ಯಾಪರೋಸ್ಕೋಪ್ ದಾರಿ. ಕುರಿಗೆ ಹಿಂದಿನ ದಿನದಿಂದ ಮೇವು ಬಿಡಿಸಿ, ತೊಟ್ಟಿಲಂಥ ಚೌಕಟ್ಟಿನಲ್ಲಿ ತಲೆ ಕೆಳಗಾಗಿ ಸುಮಾರು 45 ಡಿಗ್ರಿ ಓರೆಯಾಗಿ ಮಲಗಿಸಿ, ಕೆಚ್ಚಲಿನ ಮುಂದೆ ಎರಡು ಸಣ್ಣ ತೂತು ಮಾಡಿ, ಕಣ್ಣಿನಲ್ಲಿ ನೋಡುತ್ತಲೇ ಗರ್ಭಕೋಶದ ಎರಡೂ ಕೊಂಬುಗಳಿಗೆ ಚುಚ್ಚಿ ಬಿಡುವುದು. ಸ್ಪಾಂಜ್ ತೆಗೆದು 55ರಿಂದ 60 ಗಂಟೆಗೆ ಮಾಡುತ್ತಾರೆ. ಇದರಲ್ಲಿ 20ರಿಂದ 40 ಮಿಲಿಯನ್ ಚಲಿಸುವ ವೀರ್ಯಾಣು ಸಾಕು, 50ರಿಂದ 70 ಶೇಕಡ ನಿಲ್ಲುತ್ತದೆ. ಆದರೆ ಉಪಕರಣ, ಅರಿವಳಿಕೆ, ಪಳಗಿದ ಕೈ ಎಲ್ಲವೂ ಬೇಕು. ಬೇರೆ ರಾಜ್ಯದಿಂದಲೋ ಹೊರದೇಶದಿಂದಲೋ ತಳಿ ತರುವವರಿಗೆ ಅದು ಸರಿ. 25 ಕಿ.ಮೀ.ನಲ್ಲಿ ಜೀವಂತ ಟಗರು ಇರುವಾಗ ನಿಮಗೆ ಬೇಕಿಲ್ಲ. ನಿಮಗೆ ಹೊಂದುವುದು ಸ್ಪಾಂಜ್ ಮತ್ತು ತಾಜಾ ವೀರ್ಯ.

ಈಗ ಸ್ಪಾಂಜ್. ಇದು ಪ್ರೊಜೆಸ್ಟರಾನ್ ಅಥವಾ ಅದರಂಥ ಹಾರ್ಮೋನ್ ತುಂಬಿದ ನೊರೆ ಸ್ಪಾಂಜ್. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಅವಿಕೆಸಿಲ್-ಎಸ್ ಹೆಸರಿನಲ್ಲಿ ದೇಶಿ ಸ್ಪಾಂಜನ್ನೇ ರೂಪಿಸಿದೆ. ಒಳಗಿರುವಷ್ಟು ದಿನ ಕುರಿ ಬೆದೆಗೆ ಬರುವುದಿಲ್ಲ, ತೆಗೆದ ಮೇಲೆ ಎಲ್ಲವೂ ಒಂದೆರಡು ದಿನದಲ್ಲಿ ಒಟ್ಟಿಗೆ ಬರುತ್ತವೆ. ಕುರಿಯ ಬೆದೆಚಕ್ರ 17 ದಿನ, ಬೆದೆ ನಿಲ್ಲುವುದು 24ರಿಂದ 36 ಗಂಟೆ, ಅಂಡಾಣು ಬಿಡುಗಡೆ ಆಗುವುದು ಬೆದೆಯ ಕೊನೆಯ ಹೊತ್ತಿಗೆ. ಗಂಟೆಯ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಇಡುವಾಗ ತಳ್ಳುಗೊಳವೆಯನ್ನು ಪ್ರತಿ ಕುರಿಗೂ ನಂಜುನಾಶಕದ ತೆಳು ನೀರಿನಲ್ಲಿ ಅದ್ದಿ ತೊಳೆಯಿರಿ. ಸ್ಪಾಂಜಿಗೆ ಆಕ್ಸಿಟೆಟ್ರಾಸೈಕ್ಲಿನ್ ಪುಡಿ ಸವರಿ. ಗೊಳವೆಯನ್ನು ಮೊದಲು ಸ್ವಲ್ಪ ಮೇಲ್ಮುಖವಾಗಿ, ಆಮೇಲೆ ನೆಟ್ಟಗೆ ಒಳಗೆ ಬಿಡಿ. ತಡೆ ಸಿಕ್ಕಿದಲ್ಲಿ ನಿಲ್ಲಿಸಿ, ಒಳಗಿನ ಕೋಲನ್ನು ಅಲ್ಲಾಡಿಸದೆ ಹೊರಗಿನ ಗೊಳವೆಯನ್ನು ಒಂದಿಂಚು ಹಿಂದಕ್ಕೆ ಎಳೆಯಿರಿ, ಸ್ಪಾಂಜ್ ಅಲ್ಲೇ ಉಳಿಯುತ್ತದೆ. ಆಮೇಲೆ ಎರಡನ್ನೂ ಹೊರಗೆ ತೆಗೆಯಿರಿ. ಕೋಲನ್ನು ಜೋರಾಗಿ ತಳ್ಳಿದರೆ ಸ್ಪಾಂಜ್ ಗರ್ಭಕಂಠಕ್ಕೆ ಒತ್ತಿ ಕೂರುತ್ತದೆ. ದಾರ ನಾಲ್ಕೈದು ಸೆಂ.ಮೀ. ಹೊರಗಿರಲಿ. ಇನ್ನೂ ಉದ್ದ ಬಿಟ್ಟರೆ ಪಕ್ಕದ ಕುರಿ ಕಚ್ಚಿ ಎಳೆಯುತ್ತದೆ. ಕೈಗೆ ಗ್ಲೌಸ್ ಕಡ್ಡಾಯ. ಬಸುರಿ ಹೆಂಗಸರು ಸ್ಪಾಂಜನ್ನಾಗಲಿ ಸೂಜಿಯನ್ನಾಗಲಿ ಮುಟ್ಟಬಾರದು.

12 ದಿನ ಇಡಿ, 14 ದಾಟಿಸಬೇಡಿ. ಹೆಚ್ಚು ದಿನ ಇಟ್ಟಷ್ಟೂ ಅಂಡಾಣು ಹಳತಾಗಿ ನಿಲ್ಲುವುದು ಕಮ್ಮಿಯಾಗುತ್ತದೆ. ತೆಗೆಯುವಾಗ ದಾರವನ್ನು ಹಿಂದಕ್ಕೆ ಮತ್ತು ಕೆಳಕ್ಕೆ ನಿಧಾನವಾಗಿ ಎಳೆಯಿರಿ. ನಾರುವ ಬಿಳಿಚು ನೀರು ಬಂದರೆ ಹೆದರಬೇಡಿ, ಎಲ್ಲ ಕುರಿಗೂ ಬರುತ್ತದೆ. ಕೀವು, ರಕ್ತ ಬಂದ ಕುರಿಯನ್ನು ಈ ಸುತ್ತಿಗೆ ಬಿಟ್ಟುಬಿಡಿ. ತೆಗೆದ ತಕ್ಷಣ ತೊಡೆಗೆ ಪಿ.ಎಂ.ಎಸ್.ಜಿ. (ಅಂಡಾಣು ಬೆಳೆಸುವ ಹಾರ್ಮೋನ್) ಸೂಜಿ. ವಿದೇಶಿ ದೊಡ್ಡ ಕುರಿಗಳಿಗೆ 400-500 ಐ.ಯು. ಬರೆದಿರುತ್ತಾರೆ. ನಮ್ಮ ಹಾಸನ ಕುರಿ 25 ಕಿಲೋ ಆಸುಪಾಸಿನದು, 200 ಸಾಕು, ಬನ್ನೂರು ಬೆರಕೆಯ ದಪ್ಪ ಕುರಿಗೆ 250-300. ಹೆಚ್ಚಿಗೆ ಕೊಟ್ಟರೆ ಮೂರು ನಾಲ್ಕು ಮರಿ ನಿಂತು, ಒಂದೂ ದಕ್ಕದೆ ತಾಯಿಯೂ ಹೋಗಬಹುದು. ಕಲಸಿದ ಔಷಧಿಯನ್ನು ಆಗಲೇ ಮುಗಿಸಬೇಕು. ಪ್ರತಿ ಸೂಲಿಗೂ ಇದನ್ನೇ ಕೊಡುತ್ತಾ ಹೋದರೆ ಮೈ ಅದಕ್ಕೆ ಪ್ರತಿಕಾಯ ಬೆಳೆಸಿಕೊಂಡು ಬೆದೆ ತಡವಾಗುತ್ತದೆ, ಗಂಟೆಯ ಲೆಕ್ಕ ತಪ್ಪುತ್ತದೆ.

ವೀರ್ಯ ಹಾಕುವುದು ಒಂದೇ ಸಲವಾದರೆ ಸ್ಪಾಂಜ್ ತೆಗೆದ 54ರಿಂದ 56ನೇ ಗಂಟೆಗೆ. ಎರಡು ಸಲವಾದರೆ 48ಕ್ಕೆ ಮತ್ತು 60ಕ್ಕೆ. ಸುಲಭದ ದಿನಚರಿ ಹೀಗೆ: ಗುರುವಾರ ಇಡಿ, 12ನೇ ದಿನ ಮಂಗಳವಾರ ಬರುತ್ತದೆ, ಅವತ್ತು ಬೆಳಿಗ್ಗೆ 6ಕ್ಕೆ ತೆಗೆಯಲು ಶುರುಮಾಡಿ, ಗುರುವಾರ ಮಧ್ಯಾಹ್ನ 12ಕ್ಕೆ ವೀರ್ಯ. ಒಂದು ಕುರಿಗೆ ಮೂರು ನಾಲ್ಕು ನಿಮಿಷ ಹಿಡಿಯುತ್ತದೆ, 20 ಕುರಿಗೆ ಒಂದು ಗಂಟೆ ಮೇಲಾಗುತ್ತದೆ. ಯಾವ ಸಾಲಿನಲ್ಲಿ ಸ್ಪಾಂಜ್ ತೆಗೆದಿರೋ ಅದೇ ಸಾಲಿನಲ್ಲಿ ವೀರ್ಯ ಹಾಕಿ. ಕಿವಿಗೆ ನಂಬರ್ ಓಲೆ ಇಲ್ಲದಿದ್ದರೆ ಇದು ಆಗದ ಕೆಲಸ.

ವೀರ್ಯ ಲ್ಯಾಬ್

ಡಾಕ್ಟರ್ ಹೇಳಿದ್ದರ ಉಳಿದ ಅರ್ಧ ಇದು. ಟಗರಿನ ಕಡೆಯ ಕೆಲಸ ಕೆಟ್ಟರೆ ಸ್ಪಾಂಜ್ ಎಷ್ಟು ಚೆನ್ನಾಗಿ ಕೂತಿದ್ದರೂ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದ್ದು ಒಂದು. ವೀರ್ಯಾಣು ಬೀಜದಲ್ಲಿ ತಯಾರಾಗಿ ಹೊರಬರಲು ಸುಮಾರು 60 ದಿನ. ನೀವು ಜೂನ್ ಮಧ್ಯದಲ್ಲಿ ಹಾಕುವ ವೀರ್ಯ ಏಪ್ರಿಲ್ ಬಿಸಿಲಿನಲ್ಲಿ ತಯಾರಾದದ್ದು. ಆ ಟಗರು ಏಪ್ರಿಲ್, ಮೇನಲ್ಲಿ ತಗಡಿನ ಕೆಳಗೆ ನಿಂತಿತ್ತೋ ಮರದ ನೆರಳಲ್ಲಿತ್ತೋ, ಜ್ವರ ಬಂದಿತ್ತೋ ಇಲ್ಲವೋ ಕೇಳಿ ತಿಳಿಯಿರಿ. ನೀಲಿ ನಾಲಗೆ ರೋಗ ಬಂದು ಎದ್ದ ಟಗರು ನೋಡಲು ಗಟ್ಟಿಮುಟ್ಟಾಗಿದ್ದರೂ ಎರಡು ತಿಂಗಳು ಅದರ ವೀರ್ಯ ಬೇಡ, ವೈರಸ್ಸೇ ವೀರ್ಯದಲ್ಲಿ ಬರಬಹುದು. ಬ್ರೂಸೆಲ್ಲಾ (ಕಂದು ಹಾಕಿಸುವ ಸೋಂಕು) ರಕ್ತಪರೀಕ್ಷೆ ಮಾಡಿಸದೆ ಯಾವ ಟಗರಿನ ವೀರ್ಯವನ್ನೂ ಮಂದೆಗೆ ತರಬೇಡಿ. ಸ್ಪಾಂಜ್ ಇಡುವ ಹತ್ತು ದಿನ ಮೊದಲು ಒಮ್ಮೆ ವೀರ್ಯ ತೆಗೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಸ್ಪಾಂಜ್ ಇಟ್ಟಾದ ಮೇಲೆ ಟಗರು ಕೆಟ್ಟಿದೆ ಅಂತ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ವೀರ್ಯ ತೆಗೆಯುವುದು ಕೃತಕ ಯೋನಿಯಿಂದ, ಅಂದರೆ ಒಳಪದರದ ಸುತ್ತ ಬಿಸಿನೀರು ತುಂಬಿದ ಕೊಳವೆ. ಒಳಗಿನ ಉಷ್ಣತೆ 42ರಿಂದ 45 ಡಿಗ್ರಿ ಇರಬೇಕು, ಅದಕ್ಕೆ 50 ಡಿಗ್ರಿ ಹತ್ತಿರದ ನೀರು ತುಂಬಬೇಕಾಗುತ್ತದೆ. ತಣ್ಣಗಿದ್ದರೆ ಟಗರು ಬಿಡುವುದಿಲ್ಲ, ಬಹಳ ಬಿಸಿಯಾದರೆ ಮೂತ್ರ ಬೆರೆಯುವುದೂ ಉಂಟು. ಪಳಗದ ಟಗರಿಗೆ ಬೆದೆಯಲ್ಲಿರುವ ಕುರಿಯನ್ನು ಮುಂದೆ ನಿಲ್ಲಿಸಿ ಎರಡು ಮೂರು ವಾರ ಅಭ್ಯಾಸ ಮಾಡಿಸಬೇಕು. ಒಂದು ಸಲಕ್ಕೆ ಬರುವುದು ಸುಮಾರು 1 ಮಿ.ಲೀ. ಅಷ್ಟೇ, ಆದರೆ ದಟ್ಟ ಕೆನೆಯ ಹಾಗೆ ಇರುತ್ತದೆ. ನೀರಾಗಿದ್ದರೆ, ಹಳದಿ ಇದ್ದರೆ, ಮೂತ್ರದ ವಾಸನೆ ಬಂದರೆ ಚೆಲ್ಲಿ. ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳು ಒಟ್ಟಾಗಿ ಎಬ್ಬಿಸುವ ಅಲೆ 5ಕ್ಕೆ 4 ಅಂಕಕ್ಕಿಂತ ಕಮ್ಮಿ ಇದ್ದರೂ ಬೇಡ.

ವೀರ್ಯವನ್ನು ತೆಳು ಮಾಡಿ ಕಾಪಾಡುವ ದ್ರಾವಣ 100 ಮಿ.ಲೀ.ಗೆ: ಟ್ರಿಸ್ 3.63 ಗ್ರಾಂ, ಸಿಟ್ರಿಕ್ ಆಮ್ಲ 1.99 ಗ್ರಾಂ, ಗ್ಲೂಕೋಸ್ 0.5 ಗ್ರಾಂ, ಮೊಟ್ಟೆಯ ಹಳದಿ 14 ಮಿ.ಲೀ., ಪೆನಿಸಿಲಿನ್ 1 ಲಕ್ಷ ಐ.ಯು., ಸ್ಟ್ರೆಪ್ಟೋಮೈಸಿನ್ 100 ಮಿ.ಗ್ರಾಂ, ಉಳಿದದ್ದು ಬಟ್ಟಿ ಇಳಿಸಿದ ನೀರು. ಮೊಟ್ಟೆ ಅವತ್ತಿನದೇ ಇರಲಿ. ಹಳದಿಯನ್ನು ಶೋಧಕ ಕಾಗದದ ಮೇಲೆ ಉರುಳಿಸಿ ಬಿಳಿಯ ಅಂಟು ಪೂರ್ತಿ ಹೋದ ಮೇಲೆ ಪೊರೆ ಚುಚ್ಚಿ ತೆಗೆಯಿರಿ. ತಂಪಿಗೆ ಇಳಿಸುವಾಗ ವೀರ್ಯಾಣುವನ್ನು ಕಾಪಾಡುವುದು ಈ ಹಳದಿಯೇ. ಇದಾಗದಿದ್ದರೆ ಕೆನೆ ತೆಗೆದ ಹಾಲಿನ ಪುಡಿ 10 ಗ್ರಾಂ, 100 ಮಿ.ಲೀ. ನೀರಿನಲ್ಲಿ ಕಲಸಿ, ಪಾತ್ರೆಯ ನೀರಿನೊಳಗಿಟ್ಟು 92ರಿಂದ 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ಆರಿಸಿ. ಕಾಯಿಸದ ಹಾಲಿನಲ್ಲಿರುವ ಒಂದು ಪ್ರೋಟೀನು ವೀರ್ಯಾಣುವಿಗೆ ವಿಷ.

ಲೆಕ್ಕ ಹೇಗೆಂದರೆ, 1 ಮಿ.ಲೀ. ವೀರ್ಯದಲ್ಲಿ 3000 ಮಿಲಿಯನ್, ಅದರಲ್ಲಿ 80 ಶೇಕಡ ಚಲಿಸುತ್ತಿದ್ದರೆ 2400 ಮಿಲಿಯನ್. ಒಂದು ಕುರಿಗೆ 150 ಮಿಲಿಯನ್ ಬೇಕು, ಅಂದರೆ 16 ಕುರಿಗೆ ಆಯಿತು. ಒಂದು ಡೋಸ್ 0.2 ಮಿ.ಲೀ. ಮಾಡಿದರೆ ಒಟ್ಟು 3.2 ಮಿ.ಲೀ., ಅಂದರೆ 2.2 ಮಿ.ಲೀ. ದ್ರಾವಣ ಸೇರಿಸಬೇಕು. ಕುರಿ ಹೆಚ್ಚಿವೆ ಅಂತ ಇನ್ನೂ ತೆಳು ಮಾಡಿ ಹಂಚಬೇಡಿ, ಎಲ್ಲದರಲ್ಲೂ ಸೋಲುತ್ತೀರಿ. ಬೆಳಿಗ್ಗೆ ಅರ್ಧ ಗಂಟೆ ಬಿಟ್ಟು ಎರಡು ಸಲ ತೆಗೆದರೆ 25-30 ಕುರಿಗೆ ಸಾಕಾಗುತ್ತದೆ. ಮೊದಲ ಸಲಕ್ಕೆ ನೀವು 20ಕ್ಕಿಂತ ಹೆಚ್ಚು ಕುರಿ ಇಟ್ಟುಕೊಳ್ಳಬೇಡಿ.

ದ್ರಾವಣ ಸೇರಿಸುವಾಗ ಎರಡೂ 30 ಡಿಗ್ರಿಯಲ್ಲಿರಬೇಕು, ದ್ರಾವಣವನ್ನು ವೀರ್ಯಕ್ಕೆ ಹನಿಹನಿಯಾಗಿ ಬಿಡಬೇಕು, ಉಲ್ಟಾ ಮಾಡಬಾರದು. 25 ಕಿ.ಮೀ.ಗೆ 15 ಡಿಗ್ರಿ ಸಾಕು, ಏಳೆಂಟು ಗಂಟೆಯೊಳಗೆ ಹಾಕಿ ಮುಗಿಸಬಹುದು. ಅದಕ್ಕಿಂತ ತಡವಾಗುವುದಾದರೆ 5 ಡಿಗ್ರಿಗೆ ಇಳಿಸಿ. ಟ್ಯೂಬನ್ನು 30 ಡಿಗ್ರಿಯ ನೀರು ತುಂಬಿದ ಲೋಟದಲ್ಲಿ ನಿಲ್ಲಿಸಿ ಆ ಲೋಟವನ್ನೇ ಫ್ರಿಜ್ಜಿಗೆ ಇಟ್ಟರೆ ಎರಡು ಗಂಟೆಯಲ್ಲಿ ಮೆಲ್ಲಗೆ ಇಳಿಯುತ್ತದೆ. ಟ್ಯೂಬನ್ನು ಬರೀ ಐಸಿನ ಮೇಲೆ ಇಟ್ಟರೆ ತಣುಪಿನ ಹೊಡೆತಕ್ಕೆ ಬಾಲ ಸುರುಳಿಯಾಗಿ ನಿಂತುಹೋಗುತ್ತವೆ. ಬಿಸಿಲು, ಒಂದು ಹನಿ ನೀರು, ಸೋಪಿನ ಅಂಶ, ಡೆಟಾಲ್ ವಾಸನೆಯ ಕೈ, ಇವೆಲ್ಲ ಕೊಲ್ಲುತ್ತವೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು: ಕೆಲವು ಸಿರಿಂಜಿನ ಕರಿ ರಬ್ಬರ್ ಬಿರಡೆಯೇ ವೀರ್ಯಾಣುವಿಗೆ ವಿಷ. ಪೂರ್ತಿ ಪ್ಲಾಸ್ಟಿಕ್ಕಿನ ಸಿರಿಂಜ್ ತಗೊಳ್ಳಿ.

ಹಾಕುವಾಗ ಕುರಿಯ ಹಿಂಗಾಲುಗಳನ್ನು ಸೊಂಟದೆತ್ತರದ ಅಡ್ಡಕಂಬಿಯ ಮೇಲೆ ಎತ್ತಿ ಹಿಡಿಯಲು ಒಬ್ಬರು ಬೇಕು. ಬಾಲದ ಸುತ್ತಿನ ಉಣ್ಣೆ ಮೊದಲೇ ಕತ್ತರಿಸಿ, ಒಣ ಬಟ್ಟೆಯಲ್ಲಿ ಒರೆಸಿ, ನೀರು ಹಾಕಬೇಡಿ. ಬಾತುಕೋಳಿ ಕೊಕ್ಕಿನಂಥ ಸ್ಪೆಕ್ಯುಲಂ ಬಿಟ್ಟು ತಲೆಗೆ ಟಾರ್ಚ್ ಕಟ್ಟಿ ನೋಡಿ. ಗರ್ಭಕಂಠದ ಬಾಯಿ ನಟ್ಟನಡುವೆ ಇರುವುದಿಲ್ಲ, ಹೆಚ್ಚಾಗಿ ಕೆಳಗಡೆ ಒಂದು ಪಕ್ಕದ ಮಡಿಕೆಯಲ್ಲಿ ಕೆಂಪಗೆ ಕಾಣುತ್ತದೆ. ನಳಿಕೆ ಒಂದೆರಡು ಸೆಂ.ಮೀ. ತಾನಾಗಿ ಹೋದಷ್ಟು ಹೋಗಲಿ. ಸ್ಪೆಕ್ಯುಲಂ ಸ್ವಲ್ಪ ಹಿಂದಕ್ಕೆ ಎಳೆದು, ಮೆಲ್ಲಗೆ ಬಿಡಿ. ರಭಸವಾಗಿ ಬಿಟ್ಟರೆ ವಾಪಸು ಹರಿದು ಬರುತ್ತದೆ. ಇಳಿಸಿದ ಮೇಲೆ ನೆರಳಿನಲ್ಲಿ ನಿಲ್ಲಿಸಿ, ಓಡಿಸಬೇಡಿ, ಅವತ್ತು ಮೇಯಲು ದೂರ ಹೊಡೆಯಬೇಡಿ.

ಕಡೂರು ರೊಪ್ಪ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ಬಹಳ ಧನ್ಯವಾದ. ಸ್ಟ್ರಾ ಬಿಟ್ಟೆ. ಇನ್ನು ಮೂರು ಅನುಮಾನ ಇವೆ. ಸೂಲಾಗದ 12 ಕುರಿಗಳಿಗೂ ಸ್ಪಾಂಜ್ ಇಡಬಹುದಾ? ಸ್ಪಾಂಜ್ ಬದಲು ಎರಡು ಸೂಜಿಯಲ್ಲೇ ಬೆದೆಗೆ ತರಬಹುದು, ಅದು ಅಗ್ಗ ಅಂತಾರಲ್ಲ, ಅದು ಹೇಗೆ? ಅವಳಿ ಮರಿ ಹಾಕೋ ತಳಿಯ ಟಗರಿನ ವೀರ್ಯ ತಂದರೆ ನಾಟಿ ಕುರಿಗೆ ಒಳ್ಳೆಯದಾ?

ಬಾಣಾವರ ಮಂದೆ

ಡಾಕ್ಟರು ಉತ್ತರ ಕೊಡೋದಕ್ಕೆ ಮೊದಲು ಮೇವಿನ ಮಾತು ಹೇಳಿಬಿಡ್ತೀನಿ, ಇದನ್ನ ಯಾರೂ ಕೇಳಲಿಲ್ಲ.

ಜೂನ್‌ಗೆ ಸ್ಪಾಂಜ್ ಅಂದರೆ ಕುರಿ ಬೇಸಿಗೆ ಮುಗಿಸಿ ಬಂದಿರುತ್ತೆ. ಮೈಯಲ್ಲಿ ಏನೂ ಇರಲ್ಲ. ಸೊಂಟದ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ. ಬೆನ್ನುಮೂಳೆಯ ತುದಿಗಳು ಬೆರಳಿಗೆ ಚುಚ್ಚಿದರೆ ಆ ಕುರಿ ಸ್ಪಾಂಜಿಗೆ ಲಾಯಕ್ಕಿಲ್ಲ. ಒತ್ತಿದಾಗ ಮೂಳೆ ಸಿಗಬೇಕು ಆದರೆ ಮೊನಚು ತಾಗಬಾರದು, 5ಕ್ಕೆ 2.5ರಿಂದ 3 ಅಂಕ ಅನ್ನೋದು ಇದನ್ನೇ. ಬಡಕಲು ಕುರಿಗೆ ಎಷ್ಟೇ ಹಾರ್ಮೋನ್ ಕೊಟ್ಟರೂ ಬೆದೆ ತೋರಿಸುತ್ತೆ, ಗಬ್ಬ ನಿಲ್ಲಲ್ಲ.

ಆದ್ದರಿಂದ ಮೇ 10ರ ಹೊತ್ತಿಗೇ ತಿಂಡಿ ಶುರುಮಾಡಿ. ಮುಸುಕಿನ ಜೋಳದ ನುಚ್ಚು 50 ಕಿಲೋ, ಕಡಲೆಕಾಯಿ ಹಿಂಡಿ 25, ಬೂಸಾ 22, ಖನಿಜ ಮಿಶ್ರಣ 2, ಉಪ್ಪು 1. ಖನಿಜ ಮಿಶ್ರಣ ಕುರಿಗೆ ಅಂತಲೇ ಮಾಡಿದ್ದು ಇರಲಿ. ಹಸುವಿನದರಲ್ಲಿ ತಾಮ್ರ ಜಾಸ್ತಿ, ಕುರಿಗೆ ಅದು ಒಳಗೊಳಗೇ ಸೇರಿಕೊಂಡು ಒಂದು ದಿನ ಕೊಲ್ಲುತ್ತೆ. ಮೊದಲ ದಿನ 100 ಗ್ರಾಂ, ಒಂದು ವಾರದಲ್ಲಿ 250ಕ್ಕೆ ಏರಿಸಿ. ಒಮ್ಮೆಗೇ 250 ಹಾಕಿದರೆ ಹೊಟ್ಟೆ ಹುಳಿಯಾಗಿ ಬಿದ್ದುಕೊಳ್ತವೆ. ವೀರ್ಯ ಹಾಕಿದ ಮೇಲೂ ಎರಡು ವಾರ ಮುಂದುವರಿಸಿ, ತಟ್ಟನೆ ನಿಲ್ಲಿಸಬೇಡಿ. ಜಂತಿನ ಔಷಧಿ, ಪಿ.ಪಿ.ಆರ್. (ಹಿರೇಬೇನೆ), ನೀಲಿ ನಾಲಗೆ ಲಸಿಕೆ ಎಲ್ಲ ಏಪ್ರಿಲ್‌ನಲ್ಲೇ ಮುಗಿದಿರಲಿ. ಗಬ್ಬ ನಿಂತ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕುಡಿಸಲೇಬಾರದು, ಮರಿಗೆ ಊನ ಆಗುತ್ತೆ.

ತಿಂಗಳಿನ ಆಯ್ಕೆ ಒಳ್ಳೆಯದೇ. ಜೂನ್ 2ಕ್ಕೆ ಇಟ್ಟು 14ಕ್ಕೆ ತೆಗೆದು 16ಕ್ಕೆ ವೀರ್ಯ ಅಂದರೆ 148 ದಿನಕ್ಕೆ ನವೆಂಬರ್ 11. ಗಬ್ಬದ ತಿಂಗಳೆಲ್ಲ ಹಸಿರು ಇರುತ್ತೆ, ಮರಿ ಬೀಳೋ ಹೊತ್ತಿಗೆ ರಾಗಿ ಕುಯ್ಲು, ಕೂಳೆ ಹೊಲ ಮೇಯಲು ಸಿಗುತ್ತೆ. ಆಗಸ್ಟ್‌ಗೆ ಇಟ್ಟರೆ ಕುರಿ ಮೈ ತುಂಬಿಕೊಂಡಿರುತ್ತೆ, ಗಬ್ಬ ಇನ್ನೂ ಚೆನ್ನಾಗಿ ನಿಲ್ಲುತ್ತೆ, ಆದರೆ ಜನವರಿಯಿಂದಾಚೆ ಹಾಲಿಗೆ ಮೇವಿಲ್ಲ. ಒಂದು ಎಚ್ಚರಿಕೆ ಇದೆ. ಹಿಂಗಾರು ಸೋನೆ ಇನ್ನೂ ನಿಂತಿರದಿದ್ದರೆ ನವೆಂಬರ್ ಮೊದಲ ವಾರಗಳಲ್ಲಿ ತೊಯ್ದ ರೊಪ್ಪದಲ್ಲಿ ಎಳೆ ಮರಿ ಸಾಯ್ತವೆ. ಒಂದೇ ವಾರದಲ್ಲಿ 15-20 ಕುರಿ ಈಯೋದು ಅಂದರೆ ರಾತ್ರಿ ಒಬ್ಬರು ಎದ್ದಿರಲೇಬೇಕು. ಒಣ ಮೂಲೆ, ಹೊಕ್ಕಳಿಗೆ ಅಯೋಡಿನ್, ಅರ್ಧ ಗಂಟೆಯೊಳಗೆ ಗಿಣ್ಣು. ಜನ ಇಲ್ಲದಿದ್ದರೆ ಒಟ್ಟಿಗೆ ಈಯಿಸೋ ಯೋಚನೆಯನ್ನೇ ಮಾಡಬೇಡಿ.

ನನ್ನ ಕೇಳಿದರೆ ವೀರ್ಯಕ್ಕಿಂತ ಆ ಟಗರನ್ನೇ 3 ದಿನಕ್ಕೆ ಬಾಡಿಗೆಗೆ ಕೇಳಿ ನೋಡಿ. ಸ್ಪಾಂಜ್ ತೆಗೆದ ಮಂದೆಗೆ ಟಗರು ಬಿಡೋದೇ ಸುಲಭ. ಆದರೆ ಲೆಕ್ಕ ಬೇರೆ. ಮಾಮೂಲಿಗೆ 25-30ಕ್ಕೆ ಒಂದು ಟಗರು ಸಾಕು. ಒಟ್ಟಿಗೆ ಬೆದೆಗೆ ಬಂದ ಕುರಿಗೆ 6-8ಕ್ಕೊಂದು ಬೇಕು. ಇಲ್ಲಾಂದರೆ ಒಂದೇ ಕುರಿಯ ಹಿಂದೆ ಬಿದ್ದು ಉಳಿದವನ್ನ ಬಿಟ್ಟುಬಿಡುತ್ತೆ.

ವೀರ್ಯ ಲ್ಯಾಬ್

ಮೇವಿನ ಮಾತು ನೂರಕ್ಕೆ ನೂರು ಸರಿ. ಟಗರು ಬಾಡಿಗೆ ಮಾತ್ರ ಒಪ್ಪಲಾರೆ. ನೀವೇ ಹೇಳಿದ ಹಾಗೆ 20 ಕುರಿಗೆ ಮೂರು ಟಗರು ಬೇಕು, ಇರುವುದು ಒಂದು. ಅದೇ ಟಗರಿನಿಂದ ಎರಡು ಸಲ ತೆಗೆದ ವೀರ್ಯ 20ಕ್ಕೂ ಆಗುತ್ತದೆ. ಊರೂರು ತಿರುಗುವ ಟಗರು ಕಾಲುಕೊಳೆ, ಕಜ್ಜಿ, ಬ್ರೂಸೆಲ್ಲಾ ಎಲ್ಲವನ್ನೂ ಹೊತ್ತು ತರುತ್ತದೆ. ಮಾಲೀಕರು ಕಳಿಸಲ್ಲ ಅಂದದ್ದು ಸರಿಯಾಗಿದೆ. ನಿಮ್ಮ ಮಂದೆಯ ಟಗರುಗಳನ್ನು ಒಂದು ಕೆಲಸಕ್ಕೆ ಬಳಸಿ. ವೀರ್ಯ ಹಾಕುವ ದಿನ ಬೆಳಿಗ್ಗೆ ಹೊಟ್ಟೆಗೆ ಗೋಣಿಪಟ್ಟಿ ಬಿಗಿದು ಬಿಟ್ಟರೆ ಯಾವ ಕುರಿ ನಿಂತುಕೊಡುತ್ತದೆ ಅಂತ ತಿಳಿಯುತ್ತದೆ. ಕುರಿ ಹಸುವಿನ ಹಾಗೆ ಕೂಗುವುದಿಲ್ಲ, ಒಂದರ ಮೇಲೊಂದು ಹತ್ತುವುದಿಲ್ಲ, ಟಗರಿಲ್ಲದೆ ಬೆದೆ ಗೊತ್ತಾಗುವುದೇ ಇಲ್ಲ. ನಿಂತುಕೊಡದ ಕುರಿಗೆ ಡೋಸ್ ದಂಡ ಮಾಡಬೇಡಿ.

ಹಾಸನ ಪಶುವೈದ್ಯ

ಸೂಲಾಗದ ಕುರಿಗಳಿಗೆ ಸ್ಪಾಂಜ್ ಬೇಡ. ಕನ್ಯಾಪೊರೆ ಹರಿದು ರಕ್ತ ಬಂದು ಸ್ಪಾಂಜ್ ಗೋಡೆಗೆ ಅಂಟಿಕೊಳ್ಳುತ್ತದೆ, ತೆಗೆಯುವಾಗ ಇನ್ನಷ್ಟು ಹರಿಯುತ್ತದೆ. ಅವುಗಳ ಗರ್ಭಕಂಠವೂ ಬಿಗಿ, ನಳಿಕೆ ಒಂದು ಸೆಂ.ಮೀ. ಕೂಡ ಹೋಗುವುದಿಲ್ಲ. ಆ 12ನ್ನು ಹೊರಗಿನಿಂದ ಕೊಂಡ ಟಗರಿಗೆ ಬಿಡಿ. ಮೊದಲ ಸಲಕ್ಕೆ ಎರಡು ಮೂರು ಸೂಲಾದ, ಹಿಂದಿನ ಮರಿ ಹಾಕಿ ಕನಿಷ್ಠ ಎರಡು ತಿಂಗಳು ದಾಟಿದ 20 ಕುರಿ ಆರಿಸಿಕೊಳ್ಳಿ.

ಎರಡು ಸೂಜಿ ಅಂದರೆ ಪ್ರೊಸ್ಟಾಗ್ಲಾಂಡಿನ್. ಕ್ಲೋಪ್ರೊಸ್ಟೆನಾಲ್ 125 ಮೈಕ್ರೋಗ್ರಾಂ ಒಂದು ಸೂಜಿ, 10-11 ದಿನ ಬಿಟ್ಟು ಮತ್ತೊಂದು. ಇದು ಅಂಡಾಶಯದ ಹಳದಿಕಾಯವನ್ನು (ಅಂಡಾಣು ಬಿಟ್ಟ ಜಾಗದಲ್ಲಿ ಬೆಳೆದು ಪ್ರೊಜೆಸ್ಟರಾನ್ ಸುರಿಸಿ ಬೆದೆ ತಡೆಯುವ ಗಂಟು) ಕರಗಿಸುತ್ತದೆ. ಹಳದಿಕಾಯ ಇದ್ದರೆ ತಾನೆ ಕರಗಿಸುವುದು? ಬೇಸಿಗೆಯಲ್ಲಿ ಸೊರಗಿ ಬೆದೆಚಕ್ರವೇ ನಿಂತ ಕುರಿಗೆ ಕೊಟ್ಟರೆ ಏನೂ ಆಗುವುದಿಲ್ಲ. ಅದಕ್ಕೇ ಜೂನ್‌ಗೆ ಸ್ಪಾಂಜ್, ಹಸಿರು ಮೇದು ಚಕ್ರ ಶುರುವಾದ ಆಗಸ್ಟ್-ಸೆಪ್ಟೆಂಬರ್‌ಗೆ ಸೂಜಿ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ದೊಡ್ಡ ಅಪಾಯವೆಂದರೆ ಗೊತ್ತಿಲ್ಲದೆ ಗಬ್ಬದ ಕುರಿಗೆ ಕೊಟ್ಟರೆ, ಮೊದಲ 50 ದಿನದೊಳಗಿನದಾದರೆ ಕಂದು ಹಾಕುತ್ತದೆ. ಟಗರು ವರ್ಷವಿಡೀ ಮಂದೆಯಲ್ಲೇ ಇರುವ ನಮ್ಮ ಕಡೆ ಇದು ಆಗುತ್ತಲೇ ಇರುತ್ತದೆ. ಸ್ಪಾಂಜಾಗಲಿ ಸೂಜಿಯಾಗಲಿ, ಏಪ್ರಿಲ್ ಕೊನೆಯಿಂದಲೇ ಟಗರುಗಳನ್ನು ಬೇರೆ ಕಟ್ಟಿ, ಸ್ಪಾಂಜಿಗೆ ಮುಂಚೆ ಸ್ಕ್ಯಾನ್ ಮಾಡಿಸಿ. ಪ್ರೊಸ್ಟಾಗ್ಲಾಂಡಿನ್ ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಬಸುರಿಯರೂ ಉಬ್ಬಸ ಇರುವವರೂ ಬಾಟಲಿ ಮುಟ್ಟಬಾರದು.

ಅವಳಿ ತಳಿಯ ವಿಚಾರ. ನೀವು ಕೇಳಿರುವುದು ಬಹುಶಃ ನಾರಿ ಸುವರ್ಣ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ, ಬಂಗಾಳದ ಸುಂದರಬನದ ಗಾರೋಲ್ ಕುರಿಯಲ್ಲಿರುವ ಫೆಕ್-ಬಿ ಎಂಬ ವಂಶವಾಹಿಯನ್ನು ದಖ್ಖನಿ ಕುರಿಗೆ ತಂದು ಮಾಡಿದ ತಳಿ. ಈ ವಂಶವಾಹಿ ಅಂಡಾಶಯದಿಂದ ಒಂದೇ ಬೆದೆಗೆ ಹೆಚ್ಚು ಅಂಡಾಣು ಬಿಡಿಸುತ್ತದೆ. ಅದು ಯಾವ ಮಾರ್ಪಾಡು ಅಂತ 2001ರಲ್ಲಿ ಪತ್ತೆಯಾದ್ದರಿಂದ ಈಗ ಒಂದು ಹನಿ ರಕ್ತದಲ್ಲೇ ಪರೀಕ್ಷೆ ಮಾಡಬಹುದು. ಟಗರಿನಲ್ಲಿ ಎರಡು ಪ್ರತಿ ಇದ್ದರೆ ಎಲ್ಲ ಮರಿಗೂ ಒಂದೊಂದು ಬರುತ್ತದೆ, ಒಂದೇ ಪ್ರತಿ ಇದ್ದರೆ ಅರ್ಧದಷ್ಟು ಮರಿಗಳಿಗೆ ಮಾತ್ರ. ಟಗರು ತಂದ ವರ್ಷವೇ ಅವಳಿ ಬರುವುದಿಲ್ಲ, ಅವಳಿ ಹಾಕುವುದು ಅದರ ಹೆಣ್ಣುಮರಿಗಳು. ಈ ಮಾತನ್ನು ಮಾರುವವರು ಹೇಳುವುದಿಲ್ಲ. ಕಟ್ಟಿ ಮೇಯಿಸುವ, ತಿಂಡಿ ಹಾಕುವ ಮಂದೆಗೆ ಅದು ವರ. ಬರೀ ಹುಲ್ಲುಗಾವಲಿನಲ್ಲಿ ದಿನಕ್ಕೆ ಏಳೆಂಟು ಕಿ.ಮೀ. ನಡೆಯುವ 25 ಕಿಲೋ ಕುರಿಗೆ ಎರಡು ಮರಿಗಾಗುವಷ್ಟು ಹಾಲು ಎಲ್ಲಿಂದ ಬರಬೇಕು? ಗಬ್ಬದ ಕೊನೆಯ ಆರು ವಾರ ಅವಳಿ ಹೊತ್ತ ಕುರಿಗೆ 300-400 ಗ್ರಾಂ ತಿಂಡಿ ಹಾಕದಿದ್ದರೆ ಮಂದೆಯಿಂದ ಬೇರೆ ನಿಲ್ಲುತ್ತದೆ, ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ತುತ್ತದೆ, ಬಾಯಲ್ಲಿ ಸಿಹಿ ವಾಸನೆ. ಅದು ಗರ್ಭನಂಜು, ಬಿದ್ದ ಮೇಲೆ ಉಳಿಸುವುದು ಕಷ್ಟ.

ಅದಕ್ಕೇ ವೀರ್ಯ ಹಾಕಿ 45ರಿಂದ 80 ದಿನದೊಳಗೆ ಹೊಟ್ಟೆಯ ಮೇಲೆ ಸ್ಕ್ಯಾನ್ ಮಾಡಿಸಿ. ಗಬ್ಬ ಇದೆಯೋ ಇಲ್ಲವೋ, ಒಂದೋ ಎರಡೋ ಎರಡೂ ತಿಳಿಯುವುದು ಆ ಅವಧಿಯಲ್ಲೇ. ಅವಳಿಯವುಗಳನ್ನು ಬೇರೆ ಮಾಡಿ ತಿಂಡಿ ಹಾಕಬಹುದು, ಬರಡನ್ನು ಮಾರಬಹುದು. ಇಡೀ ಕೆಲಸದಲ್ಲಿ ಹೆಚ್ಚು ಲಾಭ ಕೊಡುವ ಖರ್ಚು ಇದೇ. ಹಾಸನ ಪಶುವೈದ್ಯಕೀಯ ಕಾಲೇಜಿನ ಪ್ರಸೂತಿ ವಿಭಾಗದಲ್ಲಿ ಮೊದಲೇ ವಿಚಾರಿಸಿ ದಿನ ಗೊತ್ತು ಮಾಡಿಕೊಳ್ಳಿ. ಭ್ರೂಣ ವರ್ಗಾವಣೆ ಬಗ್ಗೆ ಯಾರಾದರೂ ಹೇಳಿದರೆ ಈಗ ಕಿವಿಗೆ ಹಾಕಿಕೊಳ್ಳಬೇಡಿ. ನಾಲ್ಕು ದಿನ ದಿನಕ್ಕೆರಡು ಸೂಜಿ, ಆರೇಳನೇ ದಿನಕ್ಕೆ ಹೊಟ್ಟೆ ಕೊಯ್ದು ಭ್ರೂಣ ತೆಗೆಯುವುದು, ಅಷ್ಟೇ ಸಂಖ್ಯೆಯ ಬಾಡಿಗೆ ತಾಯಂದಿರು. ಅದು ತಳಿಕೇಂದ್ರಗಳ ಕೆಲಸ.

ನಿಮ್ಮ ಟಗರನ್ನು ವೀರ್ಯ ಹಾಕಿದ 10 ದಿನದ ಮೇಲೆ ಬಿಡಿ, ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಂಪು ಆಕ್ಸೈಡ್ ಬಳಿದು. 16-18ನೇ ದಿನ ಬೆನ್ನಿಗೆ ಬಣ್ಣ ಹತ್ತಿದ ಕುರಿಯಲ್ಲಿ ವೀರ್ಯ ನಿಂತಿಲ್ಲ. ನವೆಂಬರ್‌ನಲ್ಲಿ 150 ದಿನದ ಆಸುಪಾಸಿಗೆ ಹುಟ್ಟಿದ್ದು ಹೊರಗಿನ ಟಗರಿನದು, 163 ದಾಟಿ ಹುಟ್ಟಿದ್ದು ನಿಮ್ಮದರದು.

ಕಡೂರು ರೊಪ್ಪ

ಎಲ್ಲ ಬರೆದುಕೊಂಡೆ ಡಾಕ್ಟ್ರೇ. 20 ಕುರಿಯಿಂದಲೇ ಶುರು, ತಿಂಡಿ ಮೇ 10ಕ್ಕೆ. ಬಾಣಾವರದ ಅಣ್ಣನಿಗೂ ಧನ್ಯವಾದ. ಕೊನೆಯದೊಂದು: 12ನೇ ದಿನ ನೋಡಿದಾಗ ದಾರ ಕಾಣಿಸದಿದ್ದರೆ ಸ್ಪಾಂಜ್ ಬಿದ್ದುಹೋಗಿದೆ ಅಂತ ಬಿಟ್ಟುಬಿಡೋದಾ?

ಹಾಸನ ಪಶುವೈದ್ಯ

ಬಿಡಬೇಡಿ. ಎಷ್ಟೋ ಸಲ ದಾರ ಒಳಗೆ ಸುತ್ತಿಕೊಂಡಿರುತ್ತದೆ. ಗ್ಲೌಸ್ ಹಾಕಿ ಒಂದು ಬೆರಳು ಬಿಟ್ಟು ನೋಡಿ. ಸಿಗದಿದ್ದರೆ ಸ್ಪೆಕ್ಯುಲಂ ಹಾಕಿ ಬೆಳಕು ಬಿಟ್ಟು, ಉದ್ದನೆಯ ಚಿಮಟದಲ್ಲಿ ಹಿಡಿದು ತೆಗೆಯಿರಿ. ಒಳಗೆ ಉಳಿದ ಸ್ಪಾಂಜ್ ಕೊಳೆತರೆ ಆ ಕುರಿ ಮುಂದೆ ಗಬ್ಬವೇ ಕಟ್ಟದಿರಬಹುದು. ನಿಜವಾಗಿ ಬಿದ್ದುಹೋಗಿದ್ದರೆ ಆ ಕುರಿಗೆ ಪಿ.ಎಂ.ಎಸ್.ಜಿ. ಕೊಡಬೇಡಿ, ಅದರ ಬೆದೆ ಈ ಸಾಲಿಗೆ ಸೇರುವುದಿಲ್ಲ. ಇಟ್ಟ ಮೂರನೇ ದಿನ ಮತ್ತು ಏಳನೇ ದಿನ ಎಲ್ಲದರ ಬಾಲ ಎತ್ತಿ ದಾರ ನೋಡಿ, ಕಿವಿ ನಂಬರಿನ ಮುಂದೆ ಗುರುತು ಹಾಕಿಟ್ಟುಕೊಳ್ಳಿ. ತೆಗೆದ ಸ್ಪಾಂಜುಗಳನ್ನು ಎಣಿಸಿ, 20 ಇಟ್ಟಿದ್ದರೆ 20 ಲೆಕ್ಕಕ್ಕೆ ಸಿಗಬೇಕು. ಆಮೇಲೆ ಸುಟ್ಟುಬಿಡಿ, ತಿಪ್ಪೆಗೆ ಎಸೆದರೆ ನಾಯಿ ತಿನ್ನುತ್ತದೆ.